ಕೇಬಲ್ ಮೋಡೆಮ್ಮೋ, ಫೈಬರ್ ಡಬ್ಬಿಯೋ?

ಒಂದೇ ಮನೆಗೆ ಕೇಬಲ್, ಫೈಬರ್ ಎರಡೂ ಇಂಟರ್ನೆಟ್ ಲೈನ್ ಎಳೆಸಿ ಬಳಸಿದರೆ ವ್ಯತ್ಯಾಸ ಚೆನ್ನಾಗಿ ಗೊತ್ತಾಗುವುದು ಕೆಟ್ಟಾಗ. ಕೇಬಲ್ ಮೋಡೆಮ್ ಕುಂಟುತ್ತಲೇ ಓಡುತ್ತಿರುತ್ತದೆ. ಫೈಬರ್ ಓಡಿದರೆ ಪೂರ್ತಿ ಓಡುತ್ತದೆ, ನಿಂತರೆ ಪೂರ್ತಿ ನಿಲ್ಲುತ್ತದೆ.

ಕೇಬಲ್ ಮೋಡೆಮ್ ತನ್ನ ಕಾಯಿಲೆಯನ್ನು ತಾನೇ ಹೇಳಿಕೊಳ್ಳುತ್ತದೆ, ಅದು ಅದರ ದೊಡ್ಡ ಗುಣ. ಬ್ರೌಸರ್‌ನಲ್ಲಿ 192.168.100.1 ಹಾಕಿ (ಕೆಲವು ಕಡೆ ಈ ಪುಟ ಮುಚ್ಚಿರುತ್ತದೆ). ಡೌನ್‌ಸ್ಟ್ರೀಮ್ ಪವರ್, ಅಂದರೆ ಮನೆಗೆ ಬರುವ ಸಿಗ್ನಲ್‌ನ ಬಲ, -7ರಿಂದ +7 ಡಿಬಿಎಂವಿ (ಅದರ ಅಳತೆ) ಒಳಗಿರಬೇಕು, ಎಸ್‌ಎನ್‌ಆರ್, ಅಂದರೆ ಗದ್ದಲಕ್ಕಿಂತ ಸಿಗ್ನಲ್ ಎಷ್ಟು ಜೋರು ಎಂಬ ಲೆಕ್ಕ, 33 ಡಿಬಿ ದಾಟಿರಬೇಕು. ಹೆಚ್ಚಿನ ಗುಟ್ಟು ಇರುವುದು ಅಪ್‌ಸ್ಟ್ರೀಮ್‌ನಲ್ಲಿ, ಅಂದರೆ ಮೋಡೆಮ್ ವಾಪಸ್ ಕಳಿಸುವ ಸಿಗ್ನಲ್‌ನ ಬಲದಲ್ಲಿ. ಅದು 50 ಡಿಬಿಎಂವಿ ಮೇಲೆ ಹೋಗಿದ್ದರೆ ದಾರಿಯಲ್ಲೆಲ್ಲೋ ಸಿಗ್ನಲ್ ಸೋರುತ್ತಿದೆ, ಮೋಡೆಮ್ ಗಂಟಲು ಹರಿದುಕೊಂಡು ಕೂಗುತ್ತಿದೆ. ಅದೇ ಪುಟದ ಲಾಗ್‌ನಲ್ಲಿ (ದೋಷಗಳ ದಾಖಲೆ) ಟಿ3 ಟೈಮ್‌ಔಟ್ ಸಾಲುಗಟ್ಟಿದ್ದರೆ ಆ ಕೂಗಿಗೆ ಉತ್ತರ ಬಂದಿಲ್ಲ ಎಂದೇ ಅರ್ಥ. 'ಟಿವಿ ಚೆನ್ನಾಗೇ ಬರ್ತಿದೆಯಲ್ಲ ಸಾರ್' ಎನ್ನುವ ಕೇಬಲ್‌ನವರ ಮಾತು ಇಲ್ಲಿ ನಡೆಯದು. ಟಿವಿಗೆ ಕೇಳಿಸಿಕೊಳ್ಳುವುದಷ್ಟೇ ಕೆಲಸ.

ಇಂಥ ಹೊತ್ತಿನಲ್ಲಿ ಹೊಸ ರೌಟರ್ ತಂದರೆ ದುಡ್ಡು ದಂಡ. ಮೊದಲು ಸ್ಪ್ಲಿಟರ್ (ಒಂದು ಲೈನನ್ನು ಹಲವಾಗಿ ಕವಲೊಡೆಸುವ ತುಂಡು) ಕಿತ್ತು ಲೈನನ್ನು ನೇರ ಮೋಡೆಮ್‌ಗೆ ಕೊಡಿ. ಎರಡು ದಾರಿಯ ಸ್ಪ್ಲಿಟರ್ ಸುಮಾರು 3.5 ಡಿಬಿ ತಿನ್ನುತ್ತದೆ, ನಾಲ್ಕು ದಾರಿಯದು 7. ಆಗಲೂ ಅಪ್‌ಸ್ಟ್ರೀಮ್ ಇಳಿಯದಿದ್ದರೆ ಜಾಯಿಂಟ್ ಬಿಚ್ಚಿ ನೋಡಿ. ನಡುವಿನ ತಂತಿ ಹೊಳೆಯುತ್ತಿರಬೇಕು, ಕನೆಕ್ಟರಿನ ಅಂಚಿನಿಂದ 2–3 ಮಿ.ಮೀ. ಹೊರಗೆ ಚಾಚಿರಬೇಕು. ಹಸಿರು ಕಿಲುಬು ಕಂಡರೆ ಒಂದು ಗೇಣು ಕತ್ತರಿಸಿ ಹೊಸ ಕಂಪ್ರೆಷನ್ ಕನೆಕ್ಟರ್ ಹಾಕಿಸಿ. ವೈರಿನೊಳಗೆ ಸುತ್ತ ಇರುವ ಲೋಹದ ಜಾಲರಿಯ ಒಂದೇ ಒಂದು ಎಳೆ ನಡುತಂತಿಗೆ ತಗುಲಿದರೂ ಕೆಲಸ ಕೆಟ್ಟಿತು. ಮಳೆ ಬಂದ ಮರುದಿನವೇ ತೊಂದರೆ ಎಂದರೆ ತಾರಸಿ ಜಾಯಿಂಟ್‌ಗೆ ನೀರು ಇಳಿದಿದೆ. ವೈರನ್ನು ಕಿಟಕಿಗಿಂತ ಕೆಳಕ್ಕೆ ಜೋತುಬಿಟ್ಟು ಮೇಲೆತ್ತಿ ಒಳತನ್ನಿ, ನೀರು ಅಲ್ಲೇ ತೊಟ್ಟಿಕ್ಕಿ ಹೋಗುತ್ತದೆ.

ಫೈಬರ್‌ನಲ್ಲಿ ನೋಡುವುದು ಕಡಿಮೆ. ಡಬ್ಬಿಗೆ ಬರುವ ಬೆಳಕು -8ರಿಂದ -27 ಡಿಬಿಎಂ (ಬೆಳಕಿನ ಬಲದ ಅಳತೆ) ನಡುವೆ ಇದ್ದರೆ ಸಾಕು. ಬೆಳಕು ಬರುತ್ತಿಲ್ಲ ಎಂದು ಹೇಳುವ ಎಲ್‌ಒಎಸ್ ದೀಪ ಕೆಂಪಾದರೆ ಬಾಗಿಲ ಸಂದಿಯಲ್ಲಿ ಅಥವಾ ಸೋಫಾ ಹಿಂದೆ ವೈರ್ ಮಡಚಿದೆಯೇ ನೋಡಿ. ಹಸಿರು ಕನೆಕ್ಟರನ್ನು ನೀಲಿಯದಕ್ಕೆ ಸೇರಿಸಬೇಡಿ, ತುದಿಯ ಕೋನವೇ ಬೇರೆ. ಇಷ್ಟರಲ್ಲಿ ಸರಿಹೋಗದಿದ್ದರೆ ಲೈನ್‌ಮನ್ ಬರುವವರೆಗೆ ಕಾಯಬೇಕಷ್ಟೇ. ಮರದಿಂದ ಮರಕ್ಕೆ ಎಳೆದ ವೈರ್ ಕೊಂಬೆಯ ಜೊತೆ ಹರಿದು ಬೀಳುವ ಊರಿನಲ್ಲಿ ಇದು ಸಣ್ಣ ಕಾಟವಲ್ಲ.

ಆದರೂ ಕರೆಂಟ್ ಹೋದಾಗ ಫೈಬರೇ ಗೆಲ್ಲುತ್ತದೆ. ಕೇಬಲ್ ಜಾಲದಲ್ಲಿ ಬೀದಿಯ ಆಂಪ್ಲಿಫೈಯರ್‌ಗೂ ಕರೆಂಟ್ ಬೇಕು, ಅದಕ್ಕೆ ಬ್ಯಾಟರಿ ಇಲ್ಲದಿದ್ದರೆ ನಿಮ್ಮ ಮನೆ ಯುಪಿಎಸ್ ಎಷ್ಟು ದೊಡ್ಡದಿದ್ದರೂ ಪ್ರಯೋಜನವಿಲ್ಲ. ಫೈಬರ್‌ನ ಬೀದಿ ಸ್ಪ್ಲಿಟರ್ ಬರೀ ಗಾಜು, ಕರೆಂಟ್ ಕೇಳುವುದಿಲ್ಲ. ಮೇ ತಿಂಗಳ ಗುಡುಗು ಮಳೆಯಲ್ಲಿ ತಾಮ್ರದ ವೈರ್ ಸಿಡಿಲಿನ ಪೆಟ್ಟನ್ನು ಮೋಡೆಮ್‌ವರೆಗೆ ತರುವ ಭಯವೂ ಉಂಟು. ಬೀದಿಗೆ ಫೈಬರ್ ಬಂದಿದ್ದರೆ ಅದನ್ನೇ ಹಾಕಿಸಿ, ಜೊತೆಗೊಂದು ಮಿನಿ ಯುಪಿಎಸ್. ಕೊಳ್ಳುವ ಮೊದಲು ಅಡಾಪ್ಟರ್ ಮೇಲಿನ ವೋಲ್ಟ್, ಆಂಪಿಯರ್ ಓದಿಕೊಳ್ಳಿ. 12 ವೋಲ್ಟಿನ ಡಬ್ಬಿಗೆ 9 ವೋಲ್ಟ್ ಕೊಟ್ಟರೆ ದೀಪ ಉರಿದರೂ ಲೈನ್ ಪದೇ ಪದೇ ಬೀಳಬಹುದು.