ಮಾಳಿಗೆ, ಉಣಕಲ್ ಕೆರೆ, ನೃಪತುಂಗ ಬೆಟ್ಟ, ಕೆಲಗೇರಿ: ನಮ್ಮ ಮನೆಯ ‘ಮುಟ್ಟಬ್ಯಾಡ’ ಲೆಕ್ಕ

2020ರ ಮೇ ಕೊನೆಯ ವಾರ ನನ್ನ ತಮ್ಮ ಪುಣೆಯಿಂದ ಬಂದ. ಮಹಾರಾಷ್ಟ್ರದಿಂದ ಬಂದವರಿಗೆ ಆಗ 7 ದಿನ ಸರ್ಕಾರ ತೋರಿಸಿದ ಜಾಗದಲ್ಲಿ, ಆಮೇಲೆ 7 ದಿನ ಮನೆಯಲ್ಲಿ ಕ್ವಾರಂಟೈನ್. ಮೊದಲ ವಾರ ಮುಗಿಸಿ, ಕೈಮೇಲೆ ಸೀಲ್ ಹಾಕಿಸಿಕೊಂಡು ಹುಬ್ಬಳ್ಳಿ ವಿದ್ಯಾನಗರದ ನಮ್ಮ ಮನೆಗೆ ಬಂದ. ಮೇಲಿನ ರೂಮ್ ಅವನಿಗೆ ಬಿಟ್ಟುಕೊಟ್ಟೆವು. ಅವನ ಜೊತೆ ನಾವೂ ಐದು ಜನ ಒಳಗೇ ಉಳಿದೆವು. ಅವ್ವ, ನಾನು, ಹೆಂಡತಿ, ಹತ್ತು ವರ್ಷದ ಮಗಳು, ಆರು ವರ್ಷದ ಮಗ.

ಆ ವಾರ ಹೊರಗಿನ ಗಾಳಿ ಅಂದರೆ ಮಾಳಿಗೆ ಮಾತ್ರ. ನಡುವೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದೆ. ಆ ಕಡೆ ಕಾಕಾ, ಈ ಕಡೆ ನಾವು. ಬಿಡುಗಡೆ ಆದ ಮೇಲೆ ಹತ್ತು ದಿನದಲ್ಲಿ ಮೂರು ಜಾಗಕ್ಕೆ ಹೋಗಿ ಬಂದೆವು. ಯಾವುದು ಚಲೋ ಅಂತ ಮನೆಯಲ್ಲೇ ಜಗಳ. ಅದಕ್ಕೆ ಮಗಳು ಒಂದು ಅಳತೆ ಹುಡುಕಿದಳು. ಪ್ರತಿ ಜಾಗದಲ್ಲಿ ಅಪ್ಪ ಅವ್ವ ಎಷ್ಟು ಸಲ ‘ಮುಟ್ಟಬ್ಯಾಡ’ ಅಂದರು ಅಂತ ನೋಟ್‌ಬುಕ್‌ನಲ್ಲಿ ಗೀಟು ಹಾಕೋದು. ಕಡಿಮೆ ಗೀಟು ಬಿದ್ದ ಜಾಗ ಗೆದ್ದ ಹಾಗೆ.

ಉಣಕಲ್ ಕೆರೆ ನಮಗೆ ಹತ್ತಿರ. ಗಾಡಿ ಕಿಕ್ ಹೊಡೆದು ಕೂತರೆ ಐದಾರು ನಿಮಿಷ. ಅದಕ್ಕೇ ಮೊದಲು ಹೋದದ್ದು ಅಲ್ಲಿಗೆ. ನಡುಗಡ್ಡೆಯ ವಿವೇಕಾನಂದರ ಮೂರ್ತಿ, ಕೆರೆ ಮೇಲಿಂದ ಬೀಸೋ ಗಾಳಿ, ಎಲ್ಲ ಇದೆ. ಆದರೆ ಕಟಾಂಜನ ಹಿಡಿಯಬ್ಯಾಡ, ಬೆಂಚು ಮುಟ್ಟಬ್ಯಾಡ, ಜಾರುಬಂಡಿ ಕಡೆ ನೋಡಲೂ ಬ್ಯಾಡ. ಮುಕ್ಕಾಲು ಗಂಟೆಯಲ್ಲಿ 23 ಗೀಟು. ನಮ್ಮಂತೆ ಮೂರು ತಿಂಗಳು ಒಳಗೆ ಕೂತವರೆಲ್ಲ ಅವತ್ತೇ ಹೊರಗೆ ಬಿದ್ದಿದ್ದರು ಅನ್ನಿಸಿತು. ದಂಡೆಯಲ್ಲಿ ಅಂತರಗಂಗೆ ಹಬ್ಬಿದ ಕಡೆ ವಾಸನೆ ಬೇರೆ. ಮಾಸ್ಕ್ ಇದ್ದದ್ದು ಒಂದು ಉಪಕಾರ. ಅಲ್ಲೇ ಊರೊಳಗೆ ನಾಲ್ಕೂ ದಿಕ್ಕಿಗೆ ಬಾಗಿಲಿರುವ ಚಾಲುಕ್ಯರ ಕಾಲದ ಚಂದ್ರಮೌಳೇಶ್ವರ ಗುಡಿ ಇದೆ. ಮಕ್ಕಳಿಗೆ ತೋರಿಸಬೇಕು ಅಂದುಕೊಂಡಿದ್ದೆ. ಗೀಟು ಎಣಿಸಿದ ಮೇಲೆ ಧೈರ್ಯ ಬರಲಿಲ್ಲ.

ನೃಪತುಂಗ ಬೆಟ್ಟ ಇದಕ್ಕೆ ಪೂರ್ತಿ ಉಲ್ಟಾ. ಹತ್ತುವಾಗ ಮಕ್ಕಳ ಕೈ ಖಾಲಿ, ಕಾಲಿಗೆ ಕೆಲಸ. ಮುಟ್ಟೋಕೆ ಏನೂ ಇಲ್ಲ ಅಲ್ವಾ! ಬರೀ 6 ಗೀಟು. ಮೇಲೆ ನಿಂತರೆ ಅಮರಗೋಳದ ಕಡೆಯಿಂದ ವಿಮಾನ ನಿಲ್ದಾಣದವರೆಗೆ ಊರು ಹಾಸಿಕೊಂಡು ಮಲಗಿರುತ್ತದೆ. ಮಾರ್ಚ್ ಕೊನೆಗೆ ನಿಂತಿದ್ದ ದೇಶದೊಳಗಿನ ವಿಮಾನಗಳು ಮೇ 25ರಿಂದ ಮತ್ತೆ ಹಾರುತ್ತಿವೆ ಅಂತ ಮಗನಿಗೆ ಹೇಳಿದ್ದೇ ನನ್ನ ತಪ್ಪು. ಒಂದು ವಿಮಾನ ಇಳಿಯುವವರೆಗೂ ಕೆಳಗೆ ಬರುವುದಿಲ್ಲ ಅಂತ ಕೂತುಬಿಟ್ಟ. ಒಂದೂ ಬರಲಿಲ್ಲ. ರಾತ್ರಿ 9ಕ್ಕೆ ಕರ್ಫ್ಯೂ, ಪೊಲೀಸರು ಹಿಡಿತಾರೆ ಅಂತ ಹೆದರಿಸಿ ಇಳಿಸಿದೆ. ಆಗಿನ್ನೂ ಏಳೂ ಆಗಿರಲಿಲ್ಲ.

ಬೆಟ್ಟದ ಕೊರತೆ ಒಂದೇ, ಆದರೆ ದೊಡ್ಡದು. ಅವ್ವನ ಮೊಣಕಾಲು. ಅವಳು ಕೆಳಗೆ ಗಾಡಿ ಹತ್ತಿರ ಹೆಂಡತಿ ಜೊತೆ ಕೂತಳು. ಅಂದರೆ ಐದು ಜನರಲ್ಲಿ ಬೆಟ್ಟ ನೋಡಿದ್ದು ಮೂರೇ ಜನ. ಗೀಟು ಕಡಿಮೆ ಬಿದ್ದದ್ದಕ್ಕೆ ಇದೂ ಕಾರಣ ಅಂತ ಹೆಂಡತಿಯ ವಾದ. ಬೈಯುವವರು ಒಬ್ಬರೇ ಇದ್ದರಲ್ಲ.

ಕೆಲಗೇರಿ ಕೆರೆಗೆ ಜೂನ್ 20ಕ್ಕೆ ಹೋದೆವು. ಹುಬ್ಬಳ್ಳಿಯಿಂದ ಧಾರವಾಡಕ್ಕೆ 20 ಕಿಲೋಮೀಟರ್, ಅದರ ಮೇಲೆ ಇನ್ನೂ ಸ್ವಲ್ಪ. ಭಾವನ ಕಾರು ಕೇಳಿ ತಂದದ್ದು. ನಮ್ಮಲ್ಲಿ ಬಿಸಿಲು, ಧಾರವಾಡದಲ್ಲಿ ಜಿಟಿಜಿಟಿ ಮಳೆ. ಇದು ಪ್ರತಿ ವರ್ಷದ ಕಥೆ. ಛತ್ರಿ ಒಂದೇ ಇತ್ತು, ಅದು ಅವ್ವನಿಗೆ ಹೋಯಿತು. ಸಮತಟ್ಟು ದಾರಿ ಇದ್ದದ್ದರಿಂದ ಅವಳೇ ಎಲ್ಲರಿಗಿಂತ ಮುಂದೆ. ಬೆಳ್ಳಕ್ಕಿ ಎಣಿಸಿದೆವು. ನೀರುಕಾಗೆಯೊಂದು ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತಾ ನಿಂತಿತ್ತು. ಮಳೆಯಲ್ಲಿ ಏನು ಒಣಗುತ್ತದೋ! ಮನೆಯಿಂದ ಕಟ್ಟಿಕೊಂಡು ಹೋಗಿದ್ದ ಗಿರ್ಮಿಟ್ ತಿನ್ನುವ ಹೊತ್ತಿಗೆ ಮೆತ್ತಗಾಗಿತ್ತು. ಚುರುಮುರಿ ಬೇರೆ, ಒಗ್ಗರಣೆ ಬೇರೆ ಒಯ್ದು ಅಲ್ಲೇ ಕಲಿಸಬೇಕು, ಗೊತ್ತಿದ್ದೂ ಮಾಡಿದ ತಪ್ಪು.

ಮರುದಿನ ಮಣ್ಣೆತ್ತಿನ ಅಮಾವಾಸ್ಯೆ. ಎತ್ತು ಮಾಡೋಕೆ ಬೇಕು ಅಂತ ಮಕ್ಕಳು ದಂಡೆಯ ಮಣ್ಣಿಗೆ ಕೈ ಹಾಕಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅವ್ವ ತಡೆದಳು. ‘ಮಣ್ಣ ಮುಟ್ಟಬ್ಯಾಡ ಅಂತಿ ಏನು? ಮುಟ್ಟಲಿ ಬಿಡೋ.’ ಹಾಗಾಗಿ ಕೆಲಗೇರಿಗೆ 4 ಗೀಟು. ಲೆಕ್ಕದ ಪ್ರಕಾರ ಅದೇ ಗೆಲ್ಲಬೇಕು. ಅವ್ವನನ್ನು ಕರೆದೊಯ್ಯುವುದಾದರೆ ನನ್ನ ಓಟೂ ಅದಕ್ಕೇ. ಮಕ್ಕಳು ಮಾತ್ರ ಆದರೆ, ಪೆಟ್ರೋಲ್ ಸುಡದೆ ಬೆಟ್ಟ. ಉಣಕಲ್ ಕೆರೆಗೆ ಬೆಳಗ್ಗೆ ಆರಕ್ಕೆ ಎದ್ದು ಒಬ್ಬನೇ ಹೋಗುತ್ತೇನೆ, ಜನ ಬರುವ ಮೊದಲು.

ಆದರೆ ಮಾಳಿಗೆಯ ಗೀಟು ಯಾರೂ ಬರೆದಿರಲಿಲ್ಲ. ಅಲ್ಲಿ ‘ಮುಟ್ಟಬ್ಯಾಡ’ ಇಲ್ಲ, ‘ಗೆರೆ ದಾಟಬ್ಯಾಡ’ ಮಾತ್ರ. ಮಧ್ಯಾಹ್ನ ಕಾಲಿಡೋಕೆ ಆಗದ ಜಾಗ, ನಿಜ. ಬೆಳಗ್ಗೆ ಅರ್ಧ ಮಾಳಿಗೆಯನ್ನು ಅವ್ವನ ಕುರುಡಗಿ, ಸಂಡಿಗೆ ಹಿಡಿದುಬಿಡುತ್ತಿದ್ದವು. ಆದರೆ ಸಂಜೆ ತಮ್ಮ ಆ ಕಡೆಯಿಂದ ಗಾಳಿಪಟ ಹಾರಿಸುತ್ತಿದ್ದ, ಈ ಕಡೆಯಿಂದ ಇಬ್ಬರೂ ‘ಢೀಲ್ ಬಿಡು ಕಾಕಾ’ ಅಂತ ಕೂಗುತ್ತಿದ್ದರು. ಕಾರಹುಣ್ಣಿಮೆಯ ರಾತ್ರಿ ಎಲ್ಲರೂ ಗೆರೆಯ ಎರಡೂ ಕಡೆ ಚಾಪೆ ಹಾಸಿ ಊಟ ಮಾಡಿದೆವು. ಅವನ ತಾಟು ಬೇರೆ, ಹೋಳಿಗೆ ಒಂದೇ.

ಜೂನ್ 21ಕ್ಕೆ ಮತ್ತೆ ಮೇಲೆ ಹತ್ತಿದೆವು. ಅವತ್ತು ಸೂರ್ಯಗ್ರಹಣವೂ ಇತ್ತು. ತಮ್ಮ ರಟ್ಟಿಗೆ ಸಣ್ಣ ತೂತು ಮಾಡಿ ಹಿಡಿದ. ಮೋಡ ಸರಿದಾಗ ಬಿಳಿ ಹಾಳೆ ಮೇಲೆ ಪುಟ್ಟ ಸೂರ್ಯ ಬಿತ್ತು, ಯಾರೋ ಕಚ್ಚಿದ ರೊಟ್ಟಿ ಥರ. ಗ್ರಹಣದಾಗ ಹೊರಗ ಬರಬಾರದು ಅಂತ ಅವ್ವ ಮೆಟ್ಟಿಲ ಬಾಗಿಲಲ್ಲೇ ನಿಂತಿದ್ದಳು. ಕೆಲಗೇರಿ ಮಣ್ಣಿನ ಎತ್ತುಗಳಿಗೆ ಆಗಲೇ ಬಿರುಕು ಬಿಟ್ಟಿತ್ತು. ಮಗ ಹಾಳೆ ಎತ್ತಿಕೊಂಡು ಹೋಗಿ ಅವಳಿಗೆ ತೋರಿಸಲು ನೋಡಿದ. ನೆರಳಲ್ಲಿ ಸೂರ್ಯ ಹೋಗಿಬಿಟ್ಟ. ಕೊನೆಗೆ ಅವಳೇ ಸೆರಗು ತಲೆ ಮೇಲೆ ಎಳೆದುಕೊಂಡು ಎರಡು ಹೆಜ್ಜೆ ಹೊರಗೆ ಬಂದಳು.