ಮಕ್ಕಳಿಗೆ ಸರ್ಫಿಂಗ್: ಒಬ್ಬರಿಗೊಬ್ಬ ಗುರುವೋ, ಗುಂಪಿನ ಪಾಠವೋ?

ಮಡಿಕೇರಿಯಿಂದ ಕಡಲಿಗೆ ಎರಡು ದಾರಿ. ಸಂಪಾಜೆ ಘಾಟಿ ಇಳಿದು ಸುಳ್ಯ, ಪುತ್ತೂರು ದಾಟಿದರೆ ಮಂಗಳೂರು. ವಿರಾಜಪೇಟೆ ಕಡೆಯವರಾದರೆ ಮಾಕುಟ್ಟ ಇಳಿದು ಇರಿಟ್ಟಿ ಮೇಲಾಗಿ ಕಣ್ಣೂರು. ಕಾಫಿ ಕೊಯ್ಲು, ಮಕ್ಕಳ ಪರೀಕ್ಷೆ ಎರಡೂ ಮುಗಿದು ಏಪ್ರಿಲ್ ಬಂತೆಂದರೆ ನಮ್ಮೂರಿನ ಕಾರುಗಳು ಈ ಎರಡರಲ್ಲಿ ಒಂದು ಘಾಟಿ ಇಳಿಯುತ್ತವೆ. ಮೊದಲೆಲ್ಲ ಮೊಣಕಾಲು ಮುಳುಗುವಷ್ಟು ನೀರಲ್ಲಿ ನಿಂತು, ಚುರುಮುರಿ ತಿಂದು ಬಂದರೆ ಮಕ್ಕಳಿಗೆ ಸಾಕಾಗುತ್ತಿತ್ತು. ಟೋಕಿಯೋ ಒಲಿಂಪಿಕ್ಸ್‌ಗೆ ಸರ್ಫಿಂಗ್, ಅಂದರೆ ಬೋರ್ಡಿನ ಮೇಲೆ ನಿಂತು ಅಲೆಯಲ್ಲಿ ಜಾರುವ ಆಟ, ಸೇರಿತು. ಅದಕ್ಕಿಂತ ಹೆಚ್ಚಾಗಿ ಫೋನಿಗೆ ರೀಲ್ಸ್ ಬಂತು. ಈಗ ಬೋರ್ಡಿನ ಮೇಲೆ ನಿಲ್ಲದೆ ವಾಪಸ್ ಬಂದರೆ ಕಡಲಿಗೆ ಹೋದ ಲೆಕ್ಕವೇ ಇಲ್ಲ.

ಹಾಗಾಗಿ ಗುರುತಿನವರು ಕೇಳುವ ಪ್ರಶ್ನೆಯೂ ಬದಲಾಗಿದೆ. 'ಯಾವ ಹೋಟೆಲ್ ಒಳ್ಳೇದು?' ಎಂಬುದು ಹೋಗಿ, 'ಪ್ರೈವೇಟ್ ಕ್ಲಾಸ್ ತಗೊಳ್ಳೋದಾ, ಬ್ಯಾಚಿಗೆ ಹಾಕೋದಾ?' ಎಂಬುದು ಬಂದಿದೆ. ನಮ್ಮ ಮೂರು ಮಕ್ಕಳ ಮೇಲೆ ಇದೆಲ್ಲವನ್ನೂ ಪ್ರಯೋಗ ಮಾಡಿ ನೋಡಿದ್ದೇನೆ: ಹನ್ನೆರಡರ ಮಗಳು, ಎಂಟರ ಮಗ, ಸುಳ್ಯದಲ್ಲಿರುವ ಅಕ್ಕನ ಮಗ, ಅವನಿಗೆ ಹದಿಮೂರು. ಮೂವರೂ ಈಜು ಕಲಿತದ್ದು ತೋಟದ ಕೆರೆಯಲ್ಲಿ. ನಿಂತ ನೀರಲ್ಲಿ ಧೈರ್ಯ ಜಾಸ್ತಿ. ಅಲೆ ಮೈಮೇಲೆ ಬಂದರೆ ಏನು ಮಾಡಬೇಕೆಂದು ಮೂವರಿಗೂ ಗೊತ್ತಿರಲಿಲ್ಲ.

ಜಾಗದ ವಿಷಯ ಮೊದಲು ಹೇಳಿಬಿಡುತ್ತೇನೆ. ನಮ್ಮ ಪಾಠಗಳು ನಡೆದದ್ದು ಬಹುತೇಕ ಮೂಲ್ಕಿ, ಸಸಿಹಿತ್ಲು ಭಾಗದಲ್ಲಿ. ಮಂಗಳೂರಿನಿಂದ ಉತ್ತರಕ್ಕೆ ಹೆದ್ದಾರಿ ಹಿಡಿದು ಸುರತ್ಕಲ್ ದಾಟಿದ ಮೇಲೆ ಸಿಗುವ ಊರುಗಳು. ಶಾಂಭವಿ, ನಂದಿನಿ ಎರಡೂ ನದಿಗಳು ಇಲ್ಲಿ ಕಡಲು ಸೇರುತ್ತವೆ. ಮೂಲ್ಕಿಯ ಆಶ್ರಮವೊಂದರಲ್ಲಿ 2004ರ ಸುಮಾರಿಗೇ ಸರ್ಫಿಂಗ್ ಶುರುವಾದ್ದರಿಂದ ಇಲ್ಲಿ ಅಲೆ ಓದಲು ಬರುವ ಊರಿನ ಹುಡುಗರೇ ತರಬೇತುದಾರರಾಗಿ ಸಿಗುತ್ತಾರೆ. ಕಣ್ಣೂರಿನ ಹತ್ತಿರದ ಮುಳಪ್ಪಿಲಂಗಾಡಿನ ನಾಲ್ಕು ಕಿಲೋಮೀಟರ್ ಮರಳಿನ ಮೇಲೆ ಕಾರು ಓಡಿಸಬಹುದು, ಮಕ್ಕಳಿಗೆ ಅದೇ ಹಬ್ಬ; ಆದರೆ ಕಡಲಿನಲ್ಲಿರುವ ಬಂಡೆಗಳು ಅಲೆಯ ಬಿರುಸು ಮುರಿಯುವುದರಿಂದ ಸರ್ಫಿಂಗ್ ಕಲಿಯಲು ನಾನು ಅಲ್ಲಿಗೆ ಹೋಗಲಾರೆ. ಮೂಲ್ಕಿಗೆ ಹತ್ತಿರದ ಪಡುಬಿದ್ರೆಯ ಬೀಚಿಗೆ 2020ರಲ್ಲಿ ಸ್ವಚ್ಛ, ಸುರಕ್ಷಿತ ಬೀಚುಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿದೆ. ಪಾಠ ಇಲ್ಲದ ದಿನ ನೀರಾಟಕ್ಕೆ ಅದು ಚೆನ್ನ.

ಒಬ್ಬರಿಗೊಬ್ಬ ಗುರು

ಪ್ರೈವೇಟ್ ಪಾಠದ ದುಡ್ಡು ಗುಂಪಿನ ಪಾಠದ ಎರಡರಷ್ಟರ ಹತ್ತಿರ. ಆ ದುಡ್ಡಿಗೆ ಏನು ಸಿಗುತ್ತದೆ ಎಂಬುದು ಮಗುವಿನ ಮೇಲೆ ಹೋಗುತ್ತದೆ.

ಚಿಕ್ಕವನ ವಿಷಯದಲ್ಲಿ ಪೈಸೆ ಪೈಸೆಯೂ ವಸೂಲಾಯಿತು. ಅವನು ಕಡಲ ಸದ್ದಿಗೇ ಹೆದರುವ ಹುಡುಗ. ತರಬೇತುದಾರ ಅವನನ್ನು ಕೂಡಲೇ ನೀರಿಗೆ ಇಳಿಸಲಿಲ್ಲ. ಮರಳಿನ ಮೇಲೆ ಬೋರ್ಡಿನ ಆಕಾರ ಗೀಚಿ ಅದರ ಮೇಲೆ ಮಲಗಿಸಿದ, ಅಂಗೈ ಪಕ್ಕೆಲುಬಿನ ಹತ್ತಿರ ಊರಿಸಿ ಒಂದೇ ನೆಗೆತಕ್ಕೆ ನಿಲ್ಲಲು ಹೇಳಿದ, ಹಿಂದಿನಿಂದ ಮೆಲ್ಲಗೆ ತಳ್ಳಿ ಯಾವ ಕಾಲು ಮುಂದೆ ಬರುತ್ತದೆ ನೋಡಿದ. ಬಲಗಾಲು ಮುಂದೆ ಬಂತು, ಹಾಗಾಗಿ ಬೋರ್ಡಿಗೆ ಕಟ್ಟಿದ ಹಗ್ಗದ ಪಟ್ಟಿ ಹಿಂದಿನ ಎಡಗಾಲಿಗೆ. 'ಎಂತ ಹೆದರೂದು ಮಾರಾಯ, ನಾನಿದ್ದೇನಲ್ಲ' ಎಂದು ಮಾತಾಡಿಸುತ್ತಲೇ ಸೊಂಟದ ನೀರಿಗೆ ತಲುಪಿಸಿದ್ದ. ಗುಂಪಿನಲ್ಲಿ ಇಷ್ಟು ಸಮಾಧಾನ ಯಾರಿಗಿರುತ್ತದೆ? ಭಾಷೆಯೂ ಸಣ್ಣ ವಿಷಯವಲ್ಲ. ಪ್ರೈವೇಟ್ ಎಂದರೆ 'ಕನ್ನಡ ಬರುವವರನ್ನೇ ಕೊಡಿ' ಎಂದು ಮೊದಲೇ ಕೇಳಬಹುದು. ಗುಂಪಿಗೆ ಬೆಂಗಳೂರಿನವರು, ಹೊರರಾಜ್ಯದವರು ಬಂದಿರುವುದರಿಂದ ಪಾಠ ಇಂಗ್ಲಿಷ್, ಹಿಂದಿಯಲ್ಲಿ ಸಾಗುತ್ತದೆ. ಅಲೆಯ ಸದ್ದಿನ ಮಧ್ಯೆ ಅದನ್ನು ಅರ್ಥ ಮಾಡಿಕೊಂಡು ಎದ್ದು ನಿಲ್ಲುವಷ್ಟರಲ್ಲಿ ಅಲೆ ದಡ ಸೇರಿರುತ್ತದೆ.

ಅದೇ ಪಾಠ ಮಗಳಿಗೆ ಅಷ್ಟೊಂದು ಹಿಡಿಸಲಿಲ್ಲ. ಕಾರಣ ಗೊತ್ತಾಗಲು ನನಗೆ ದಡದಲ್ಲಿ ಕೂತು ನೋಡಬೇಕಾಯಿತು. ಒಬ್ಬಳೇ ವಿದ್ಯಾರ್ಥಿ ಎಂದರೆ ಬಂದ ಅಲೆಯೆಲ್ಲ ಅವಳದೇ. ಕೇಳಲು ಚೆಂದ. ಆದರೆ ಒಂದು ಅಲೆ ಮುಗಿಸಿ, ಬೋರ್ಡು ಎಳೆದುಕೊಂಡು ನೊರೆ ಸೀಳಿಕೊಂಡು ವಾಪಸ್ ಬರುವುದರಲ್ಲೇ ದಮ್ಮು ಹೋಗುತ್ತದೆ; ತಿರುಗಿ ನಿಂತ ಕೂಡಲೇ ಇನ್ನೊಂದು ತಯಾರು. ಅರ್ಧ ಗಂಟೆ ಕಳೆಯುವಷ್ಟರಲ್ಲಿ ತೋಳು ಸೋತಿತ್ತು. ಒಂದೂವರೆ ಗಂಟೆಯ ಪಾಠದ ಕೊನೆಯ ಭಾಗದಲ್ಲಿ ಅವಳು ಎದ್ದದ್ದಕ್ಕಿಂತ ಬಿದ್ದದ್ದೇ ಹೆಚ್ಚು, ಜೊತೆಗೆ ದೊಡ್ಡವರ ಕಣ್ಣೆಲ್ಲ ಅವಳೊಬ್ಬಳ ಮೇಲೆ. ಹನ್ನೆರಡರ ಹುಡುಗಿಗೆ ಅದಕ್ಕಿಂತ ಹಿಂಸೆ ಬೇರೆ ಬೇಕೇ?

ಇನ್ನೊಂದು ಸೂಕ್ಷ್ಮ ಇದೆ. ಪ್ರೈವೇಟ್ ಪಾಠದಲ್ಲಿ ಮಕ್ಕಳು ಬೇಗ ಎದ್ದು ನಿಲ್ಲುತ್ತಾರೆ, ಫೋಟೋವೂ ಸಿಗುತ್ತದೆ. ಆದರೆ ಅಲೆ ಆರಿಸಿದ್ದು, ಬೋರ್ಡಿನ ಹಿಂತುದಿ ಹಿಡಿದು ಸರಿಯಾದ ಹೊತ್ತಿಗೆ ತಳ್ಳಿದ್ದು ತರಬೇತುದಾರ. ಕೆಳಗೆ ಏಣಿ ಹಿಡಿದವನ ಬಲದಿಂದ ಮೆಣಸು ಕೊಯ್ದ ಹಾಗೆ ಅದು. ಅವನು ಕೈಬಿಟ್ಟಾಗಲೇ ನಮ್ಮ ಕಾಲಿನ ಗಟ್ಟಿತನ ಗೊತ್ತಾಗುವುದು. 'ಕೊನೆಯ ಕಾಲು ಗಂಟೆ ತಳ್ಳಬೇಡಿ, ಅವಳೇ ಕೈಯಿಂದ ನೀರು ಎಳೆದು ಅಲೆ ಹಿಡಿಯಲಿ' ಎಂದು ನಾನು ಹೇಳಿದ ಮೇಲೆ ಕತೆ ಬೇರೆಯಾಯಿತು. ಒಂದು ಅಲೆಯೂ ಸಿಗಲಿಲ್ಲ. ಮಗಳು ಅಂದಿನ ಮಟ್ಟಿಗೆ ನನ್ನ ಜೊತೆ ಮಾತು ಬಿಟ್ಟಳು.

ಗುಂಪು

ಅಕ್ಕನ ಮಗನನ್ನು ಮೊದಲಿನಿಂದಲೂ ಗುಂಪಿಗೇ ಹಾಕಿದ್ದು. ಅವನದೇ ವಯಸ್ಸಿನ ನಾಲ್ಕೈದು ಮಕ್ಕಳು, ನೀರಲ್ಲಿ ಇಬ್ಬರು ತರಬೇತುದಾರರು. ಅಲೆಗಳು ಹಂಚಿಹೋಗುವುದರಿಂದ ಲೆಕ್ಕಕ್ಕೆ ಸಿಕ್ಕಿದ್ದು ಕಮ್ಮಿ. ಆದರೆ ಸರದಿ ಕಾಯುವ ಹೊತ್ತು ಸುಮ್ಮನೆ ಹೋಗಲಿಲ್ಲ. ಪಕ್ಕದವನು ಬೋರ್ಡಿನ ಮುಂದಕ್ಕೆ ಭಾರ ಹಾಕಿ ಮೂಗು ಮುಳುಗಿಸಿಕೊಂಡು ಮಗುಚಿದ್ದನ್ನು ಕಂಡು ಇವನು ಒಂದು ಗೇಣು ಹಿಂದೆ ಸರಿದು ಮಲಗಿದ. ಇನ್ನೊಬ್ಬ ಕಾಲು ನೋಡಿಕೊಂಡು ಎದ್ದು ಬಿದ್ದ. ಇವನು ದಡದ ತೆಂಗಿನ ಮರ ನೋಡಿಕೊಂಡು ಎದ್ದ, ನಿಂತ. ಮಕ್ಕಳು ಮಕ್ಕಳಿಂದ ಕಲಿಯುವ ವೇಗ ನಮ್ಮ ಬುದ್ಧಿಮಾತಿಗೆಲ್ಲಿ ಬರಬೇಕು? ಸುಸ್ತೂ ಕಮ್ಮಿ, ನಗುವೂ ಜಾಸ್ತಿ.

ಗುಂಪಿನ ತೊಂದರೆ ಬೋರ್ಡಿನದು. ಒಬ್ಬನ ಕೈತಪ್ಪಿದ ಬೋರ್ಡು ಇನ್ನೊಬ್ಬನ ತಲೆಗೆ ಬಡಿಯಬಹುದು. ಹಾಗಾಗಿ ಗುಂಪಿಗೆ ಹಾಕುವ ಮೊದಲು ನಾನು ಎರಡು ಸಂಗತಿ ನೋಡುತ್ತೇನೆ. ಬೋರ್ಡು ಮೇಲ್ಮೈ ಮೆತ್ತಗಿರುವ ಫೋಮಿನದ್ದಾಗಿರಬೇಕು. ಬೀಳುವುದನ್ನು ನೀರಿಗಿಳಿಯುವ ಮೊದಲೇ ಕಲಿಸಬೇಕು: ತಲೆ ಕೆಳಗಾಗಿ ಹಾರದೆ ಮೈ ಚಪ್ಪಟೆಯಾಗಿ ಬೀಳುವುದು, ಮೇಲೆ ಬರುವಾಗ ಎರಡೂ ಕೈಯಿಂದ ತಲೆ ಮುಚ್ಚಿಕೊಳ್ಳುವುದು, ಅಲೆಗೂ ತನಗೂ ನಡುವೆ ಬೋರ್ಡು ಅಡ್ಡ ಹಿಡಿಯದೆ ಪಕ್ಕದಲ್ಲಿ ಇಟ್ಟುಕೊಳ್ಳುವುದು. ಇದನ್ನು ಕಲಿಸದೆ 'ಬನ್ನಿ ಬನ್ನಿ' ಎಂದು ನೀರಿಗೆ ಕರೆದುಕೊಂಡು ಹೋಗುವವರ ಹತ್ತಿರ ಪ್ರೈವೇಟೂ ಬೇಡ, ಬ್ಯಾಚೂ ಬೇಡ.

ಇಬ್ಬರಿಗೊಬ್ಬ ಗುರು

ಬಹಳ ಜನ ಕೇಳದೇ ಬಿಡುವ ಆಯ್ಕೆ ಇದು. ಅಣ್ಣತಮ್ಮಂದಿರೋ ಅಕ್ಕತಂಗಿಯರೋ ಇದ್ದರೆ, ಇಬ್ಬರಿಗೂ ಸೇರಿ ಒಬ್ಬ ತರಬೇತುದಾರರನ್ನು ಕೊಡುತ್ತೀರಾ ಎಂದು ಕೇಳಿದರೆ ಒಪ್ಪುವವರಿದ್ದಾರೆ. ತಲೆಗೆ ಬೀಳುವ ದುಡ್ಡು ಗುಂಪಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಮಗಳನ್ನೂ ಅಕ್ಕನ ಮಗನನ್ನೂ ಹೀಗೆ ಜೋಡಿ ಮಾಡಿದೆವು. ಒಬ್ಬರು ಅಲೆ ಹಿಡಿದಾಗ ಇನ್ನೊಬ್ಬರಿಗೆ ಉಸಿರು ಬಿಡಲು ಸಮಯ. ತರಬೇತುದಾರರ ಕಣ್ಣು ಇಬ್ಬರ ಮೇಲೂ. 'ನಿಂಗೆ ಸಿಕ್ಕಿದ ಅಲೆ ದೊಡ್ಡದು', 'ಇಲ್ಲ, ನಿನ್ನದೇ ದೊಡ್ಡದು' ಎಂದು ಜಗಳವಾಡುತ್ತಲೇ ಇಬ್ಬರೂ ತಾವೇ ನೀರು ಎಳೆದು ನೊರೆಯಲೆ ಹಿಡಿಯುವ ಮಟ್ಟಕ್ಕೆ ಬಂದರು. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಇದೇ. ಚಿಕ್ಕವನನ್ನು ಇವರ ಜೊತೆ ಸೇರಿಸಲು ನೋಡಿದ್ದೂ ಉಂಟು, ಕೂಡಲಿಲ್ಲ. ನಾಲ್ಕೈದು ವರ್ಷದ ಅಂತರ ಎಂದರೆ ಬೇಕಾದ ಅಲೆಯೇ ಬೇರೆ, ನಿಲ್ಲಬೇಕಾದ ಆಳವೇ ಬೇರೆ. ತರಬೇತುದಾರ ಚಿಕ್ಕವನ ಹತ್ತಿರವೇ ಉಳಿಯಬೇಕಾಗಿ ದೊಡ್ಡವರಿಬ್ಬರೂ ಮುಖ ಊದಿಸಿಕೊಂಡು ನಿಂತರು.

ಹೋಟೆಲಿನವರು ಮಾಡಿಸಿಕೊಡುವ 'ಪ್ರೈವೇಟ್'

ಉಳಿದುಕೊಂಡ ಕಡೆಯೇ ಪಾಠವೂ ಸಿಕ್ಕರೆ ಅನುಕೂಲ ಎಂದು ಒಂದು ರೆಸಾರ್ಟಿನಲ್ಲಿ ಇದನ್ನೂ ನೋಡಿದೆವು. ಯಾವುದೆಂದು ಹೇಳುವುದಿಲ್ಲ. ಬಿಲ್ಲು ಎಲ್ಲಕ್ಕಿಂತ ದೊಡ್ಡದು. ಬಂದವರು ದಿನವಿಡೀ ಜೆಟ್ ಸ್ಕೀ ಓಡಿಸುವ ಹುಡುಗ. ಬೋರ್ಡು ಗಟ್ಟಿ ಫೈಬರಿನದ್ದು, ಅಡಿಯ ರೆಕ್ಕೆ ಚೂಪು. ಎಲ್ಲಕ್ಕಿಂತ ಮುಖ್ಯವಾಗಿ ದಡ ಕಡಿದಾಗಿತ್ತು. ಮೆಲ್ಲಗೆ ಇಳಿಜಾರಾದ ದಡದಲ್ಲಿ ಅಲೆ ದೂರದಲ್ಲೇ ಒಡೆದು, ನೊರೆಯಾಗಿ ಉರುಳಿಕೊಂಡು ಬರುತ್ತದೆ. ಕಲಿಯುವ ಮಕ್ಕಳಿಗೆ ಬೇಕಾದ್ದು ಆ ನೊರೆ. ಕಡಿದಾದ ದಡದಲ್ಲಿ ಅಲೆ ನೇರವಾಗಿ ಮರಳಿಗೇ ಅಪ್ಪಳಿಸುತ್ತದೆ, ಬೋರ್ಡು ಸಮೇತ ಮಗುವನ್ನೂ ಅಪ್ಪಳಿಸುತ್ತದೆ. ಅರ್ಧಕ್ಕೇ ಮಕ್ಕಳನ್ನು ಮೇಲಕ್ಕೆ ಕರೆದೆ. ದುಡ್ಡು ವಾಪಸ್ ಬರಲಿಲ್ಲ, ಬಿಡಿ. ಹೋಟೆಲ್ ಬುಕ್ ಮಾಡುವಾಗ 'ಸರ್ಫಿಂಗ್ ಉಂಟಾ?' ಎಂದು ಕೇಳಿದರೆ ಎಲ್ಲರೂ ಉಂಟು ಎನ್ನುತ್ತಾರೆ. 'ಕಲಿಸುವವರು ಎಲ್ಲಿ ಕಲಿತವರು, ಬೋರ್ಡು ಫೋಮಿನದಾ, ನೀರಲ್ಲಿ ಎಷ್ಟು ಜನ ಇರುತ್ತಾರೆ' ಎಂದು ಕೇಳಿದಾಗ ಫೋನಿನ ಆ ಕಡೆ ಮೌನವಾದರೆ, ಉತ್ತರ ಸಿಕ್ಕಿತೆಂದೇ ತಿಳಿದುಕೊಳ್ಳಿ.

ಹೊತ್ತು, ಕಾಲ

ಯಾವ ಪಾಠ ಎಂಬುದಕ್ಕಿಂತ ಯಾವ ಹೊತ್ತಿನ ಪಾಠ ಎಂಬುದು ದೊಡ್ಡದು ಎನ್ನುವ ಕಡೆಗೆ ನಾನು ವಾಲಿದ್ದೇನೆ. ಬೆಳಗಿನ ಗುಂಪಿನ ಪಾಠ ಮಧ್ಯಾಹ್ನದ ಪ್ರೈವೇಟಿಗಿಂತ ಮೇಲು. ರಾತ್ರಿ ನೆಲ ಕಡಲಿಗಿಂತ ಬೇಗ ತಣಿಯುವುದರಿಂದ ಬೆಳಗ್ಗೆ ಗಾಳಿ ನೆಲದಿಂದ ಕಡಲ ಕಡೆ ಮೆಲ್ಲಗೆ ಬೀಸುತ್ತದೆ, ಅಲೆ ಸಾಲಾಗಿ ಸ್ವಚ್ಛವಾಗಿ ಬರುತ್ತದೆ. ಬಿಸಿಲೇರಿದ ಮೇಲೆ ಗಾಳಿ ತಿರುಗಿ ಕಡಲಿನಿಂದ ಬೀಸತೊಡಗಿದರೆ ನೀರೆಲ್ಲ ಕಲಸಿಹೋಗುತ್ತದೆ. ಉಬ್ಬರ ಇಳಿತವೂ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಜಾರುವುದರಿಂದ, ನಿನ್ನೆ ಏಳಕ್ಕೆ ಚೆನ್ನಾಗಿದ್ದ ನೀರು ಇವತ್ತು ಎಂಟರ ಹತ್ತಿರ ಸರಿಹೋಗಬಹುದು. ಸಮಯವನ್ನು ತರಬೇತುದಾರರೇ ಹೇಳಲಿ. ಹೋಟೆಲಿನ ತಿಂಡಿ ಸಮಯ ಹೇಳಬಾರದು. ನಮ್ಮವರಿಗೆ ನೀರುದೋಸೆ ತಪ್ಪಿಹೋಯಿತು ಎಂಬ ಕೊರಗು ಇನ್ನೂ ಇದೆ.

ಅಳಿವೆಯ ಹತ್ತಿರ ಇಳಿತದ ಹೊತ್ತಿಗೆ ನದಿ ನೀರೂ ಸೇರಿ ಹೊರಕ್ಕೆ ಎಳೆಯುತ್ತದೆ. ಬಲ್ಲವರು ಅಲ್ಲಿಂದ ದೂರ ಸರಿದೇ ಮಕ್ಕಳಿಗೆ ಕಲಿಸುವುದು. ಸೆಳೆತಕ್ಕೆ ಸಿಕ್ಕಿದರೆ ದಡದ ಕಡೆಗೇ ಗುದ್ದಾಡದೆ, ಬೋರ್ಡು ಬಿಡದೆ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಹೋಗಬೇಕು. ಇದನ್ನು ಮಕ್ಕಳ ಬಾಯಿಂದ ತಿರುಗಿ ಹೇಳಿಸುವ ತರಬೇತುದಾರ ಕಂಡರೆ ನನಗೆ ಅರ್ಧ ಭಯ ಹೋಗುತ್ತದೆ.

ಕಾಲದ ಮಾತಿಗೆ ಬಂದರೆ, ನಮಗೆ ಇರುವುದು ದಸರಾ ರಜೆ ಮತ್ತು ಏಪ್ರಿಲ್, ಮೇ. ಮಡಿಕೇರಿ ದಸರಾದ ದಶಮಂಟಪ ಮೆರವಣಿಗೆ ಬಿಟ್ಟು ಮಕ್ಕಳನ್ನು ಎಲ್ಲಿಗಾದರೂ ಎಬ್ಬಿಸುವುದು ಕಷ್ಟ, ಹಾಗಾಗಿ ಹಬ್ಬ ಮುಗಿದ ಮೇಲಿನ ದಿನಗಳು. ಅಕ್ಟೋಬರಿನಲ್ಲಿ ಮಳೆಗಾಲದ ಬಿರುಸು ಇಳಿದಿರುತ್ತದೆ, ಅಲೆ ಸಣ್ಣದು, ಚಿಕ್ಕವನಂಥವರಿಗೆ ಹೇಳಿ ಮಾಡಿಸಿದ್ದು. ಏಪ್ರಿಲ್ ಮೊದಲರ್ಧವೂ ಪರವಾಗಿಲ್ಲ. ಮೇ ಕೊನೆ ಬೇಡ. 2024ರ ಇಂಡಿಯನ್ ಓಪನ್ ಸರ್ಫಿಂಗ್ ಸ್ಪರ್ಧೆ ಸಸಿಹಿತ್ಲಿನಲ್ಲಿ ಶುರುವಾದದ್ದು ಮೇ ಕೊನೆಯಲ್ಲೇ, ಅಲೆ ಎತ್ತರವಾಗುವ ಕಾಲ ಅದು. ಸ್ಪರ್ಧಿಗಳಿಗೆ ಬೇಕಾದ ಅಲೆ ನಮ್ಮ ಎಂಟು ವರ್ಷದವನಿಗೆ ಬೇಕಾದ ಅಲೆಯಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೇ ರಜೆ. ಆಗ ಮಕ್ಕಳನ್ನು ಬೋರ್ಡಿಗೆ ಹತ್ತಿಸುವ ಮಾತೇ ಇಲ್ಲ. ಹೊರಡುವ ಹಿಂದಿನ ದಿನ ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ಇನ್‌ಕಾಯ್ಸ್ ಕೊಡುವ ಅಲೆಯ ಮುನ್ಸೂಚನೆ ನೋಡಿಕೊಳ್ಳುವುದು ನನಗೆ ಅಭ್ಯಾಸವಾಗಿದೆ.

ಕಡಲು ಸರಿಯಿಲ್ಲ ಎಂದು ತರಬೇತುದಾರರು ಪಾಠ ರದ್ದು ಮಾಡಿದರೆ ಬೇಜಾರು ಮಾಡಿಕೊಳ್ಳಬೇಡಿ. ಅಂಥ ದಿನ ಶಾಂಭವಿಯ ಹಿನ್ನೀರಿನಲ್ಲಿ ನಿಂತು ಹುಟ್ಟು ಹಾಕುವ ಅಗಲ ಬೋರ್ಡು ಕೇಳಿ ನೋಡಿ. ಚಿಕ್ಕವನಿಗೆ ಬೋರ್ಡಿನ ಮೇಲಿನ ಸಮತೋಲನ ಬಂದದ್ದು ಅಲ್ಲೇ, ಅಲೆಯ ಹೆದರಿಕೆ ಇಲ್ಲದ ನೀರಲ್ಲಿ.

ಇನ್ನು ಸಣ್ಣಪುಟ್ಟದ್ದು. ತೋಳು ಮುಚ್ಚುವ ಈಜಿನ ಅಂಗಿ ತೊಡಿಸಿ. ಬೋರ್ಡಿಗೆ ಉಜ್ಜಿ ಹೊಟ್ಟೆ ಕೆಂಪಾಗುವುದು ಬಿಸಿಲಿಗಿಂತ ಹೆಚ್ಚು ಉರಿಯುತ್ತದೆ. ಪಾಠಕ್ಕೆ ಮೊದಲು ಬಾಳೆಹಣ್ಣು ಸಾಕು. ಪಾಠದ ದಿನವೇ ಊರಿಗೆ ಹೊರಡಬೇಡಿ. ಹೊಟ್ಟೆಗೆ ಉಪ್ಪುನೀರು ಹೋಗಿ, ಮೇಲೆ ಮೀನೂಟವನ್ನೂ ಬಡಿದ ಮಕ್ಕಳನ್ನು ಸಂಪಾಜೆಯ ತಿರುವುಗಳಲ್ಲಿ ಹತ್ತಿಸುವುದು ಎಂದರೆ ಕಾರು ತೊಳೆಯಲು ಒಪ್ಪಿಕೊಂಡ ಹಾಗೆಯೇ.