60 ಹರ್ಟ್ಸ್ ಮೋಟಾರು, 50 ಹರ್ಟ್ಸ್ ಕರೆಂಟು: ನಾನು ಮಾಡಿ ನೋಡಿದ ದಾರಿಗಳು

ನನ್ನ ಶೆಡ್ಡಿಗೆ ಅಮೆರಿಕದ ಮೂರು ಮಷೀನುಗಳು ಬಂದವು. ಮರದ ಅಂಚು, ಗಾಡಿ ಕೊರೆಯಲು ಕೈಯಲ್ಲಿ ಹಿಡಿಯುವ ಒಂದು ರೌಟರ್, 14 ಇಂಚಿನ ಬ್ಯಾಂಡ್‌ಸಾ (ಪಟ್ಟಿ ಗರಗಸ), ಮರವನ್ನು ತಿರುಗಿಸಿ ಕಡೆಯುವ ಲೇತು. ಮೂರಕ್ಕೂ ಬೇಕಾದದ್ದು 120 ವೋಲ್ಟ್, 60 ಹರ್ಟ್ಸ್. ನನ್ನ ಲೈನಿನಲ್ಲಿರುವುದು 230 ವೋಲ್ಟ್, 50 ಹರ್ಟ್ಸ್. ಹರ್ಟ್ಸ್ ಅಂದರೆ ಕರೆಂಟು ಸೆಕೆಂಡಿಗೆ ಎಷ್ಟು ಸಲ ಹಿಂದೆ ಮುಂದೆ ಹರಿಯುತ್ತದೆ ಎಂಬ ಲೆಕ್ಕ. ವೋಲ್ಟೇಜ್ ಸರಿ ಮಾಡಿದರೆ ಸಾಕು ಅಂದುಕೊಂಡಿದ್ದೆ. ನಿಜವಾದ ತೊಡಕು ಇದ್ದದ್ದು ಹರ್ಟ್ಸ್‌ನಲ್ಲಿ.

ಮೊದಲು ವೋಲ್ಟೇಜ್ ಇಳಿಸುವ 3 ಕೆವಿಎ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ತಂದೆ. ರೌಟರ್‌ಗೆ ಅದು ಹೇಳಿ ಮಾಡಿಸಿದ ಹಾಗಿದೆ. ಅದರಲ್ಲಿರುವುದು ಕಾರ್ಬನ್ ಬ್ರಶ್ ಮೋಟಾರು, ಅದರ ವೇಗ ಹರ್ಟ್ಸ್ ನೋಡಿಕೊಂಡು ಬದಲಾಗುವುದಿಲ್ಲ. ವರ್ಷಗಳಿಂದ ಓಡಿಸುತ್ತಿದ್ದೇನೆ, ಒಂದು ದಿನವೂ ಕಾಟ ಕೊಟ್ಟಿಲ್ಲ. ಬ್ರಶ್ ಮೋಟಾರಿನ ಮಷೀನಿದ್ದರೆ ಇದಕ್ಕಿಂತ ಬೇರೆ ದಾರಿ ಹುಡುಕುವುದೇ ಬೇಡ. ಪ್ರಯಾಣದಲ್ಲಿ ಬಳಸುವ ಹಗುರವಾದ ಕನ್ವರ್ಟರ್‌ಗಳನ್ನು ಮಾತ್ರ ಹತ್ತಿರಕ್ಕೂ ತರಬೇಡಿ, ಅವು ಮೋಟಾರಿಗಲ್ಲ.

ಅದೇ ಟ್ರಾನ್ಸ್‌ಫಾರ್ಮರ್‌ಗೆ ಬ್ಯಾಂಡ್‌ಸಾ ಹಾಕಿದೆ. ಅದರದ್ದು ಒಂದೂವರೆ ಎಚ್‌ಪಿ ಇಂಡಕ್ಷನ್ ಮೋಟಾರು, ಅಂದರೆ ಬ್ರಶ್ ಇಲ್ಲದ, ಹರ್ಟ್ಸ್ ನೋಡಿಕೊಂಡು ವೇಗ ಹಿಡಿಯುವ ಮೋಟಾರು. ಶುರುವಾಯಿತು, ಆದರೆ ಗುಂಯ್ ಎನ್ನುವ ಶಬ್ದ ಜೋರಾಗಿತ್ತು. ಮರ ಕೊಯ್ಯದೆ ಸುಮ್ನೆ ಓಡಿಸಿದರೂ ಸ್ವಲ್ಪ ಹೊತ್ತಿಗೆ ಮೋಟಾರಿನ ಮೈ ಮುಟ್ಟಲಾಗದಷ್ಟು ಬಿಸಿಯಾಯಿತು. ಲೆಕ್ಕ ಹಾಕಿದಾಗ ಕಾರಣ ಗೊತ್ತಾಯಿತು. ಮೋಟಾರಿನ ಮೇಲೆ ಬರೆದಿದ್ದ 115 ವೋಲ್ಟನ್ನು 60ರಿಂದ ಭಾಗಿಸಿದರೆ 1.92, 50ರಿಂದ ಭಾಗಿಸಿದರೆ 2.3. ಅಂದರೆ ಒಳಗಿನ ಕಬ್ಬಿಣ ಶೇಕಡಾ 20ರಷ್ಟು ಜಾಸ್ತಿ ಕಾಂತಕ್ಷೇತ್ರ ಹೊರಬೇಕು. ಅಷ್ಟನ್ನು ಅದು ಹೊರಲಾರದು, ಹಾಗಾಗಿ ವೈಂಡಿಂಗ್ (ಒಳಗಿನ ತಂತಿಯ ಸುರುಳಿ) ಸುಮ್ನೆ ಕರೆಂಟು ಎಳೆದು ಬಿಸಿಯಾಗುತ್ತದೆ. ಸಾಲದ್ದಕ್ಕೆ ತಂಪು ಮಾಡುವ ಫ್ಯಾನ್ ಕೂಡ ನಿಧಾನವಾಗಿ ತಿರುಗುತ್ತಿರುತ್ತದೆ.

ವೇಗವೂ ಬರಲಿಲ್ಲ. ಇಂಥ ನಾಲ್ಕು ಪೋಲ್ (ಕಾಂತ ಧ್ರುವ) ಮೋಟಾರು 60 ಹರ್ಟ್ಸ್‌ನಲ್ಲಿ ಲೋಡ್ ಮೇಲೆ ನಿಮಿಷಕ್ಕೆ ಸುಮಾರು 1725 ಸುತ್ತು ಸುತ್ತುತ್ತದೆ, 50ರಲ್ಲಿ ಸುಮಾರು 1430. ಇದರಲ್ಲಿ ಕಣ್ಣಿಗೆ ಬೀಳದ ಇನ್ನೊಂದು ಅಪಾಯವಿದೆ. ಶುರುವಾಗಲು ಮಾತ್ರ ಬೇಕಾದ ಸ್ಟಾರ್ಟಿಂಗ್ ವೈಂಡಿಂಗನ್ನು ವೇಗ ಬಂದ ಮೇಲೆ ಕಡಿಯುವ ಸೆಂಟ್ರಿಫ್ಯೂಗಲ್ ಸ್ವಿಚ್ 1300ರ ಮೇಲೆಯೇ ಎಲ್ಲೋ ಬಿಡುವಂತೆ 60 ಹರ್ಟ್ಸ್‌ಗೆ ಹೊಂದಿಸಿರುತ್ತಾರೆ. 50ರಲ್ಲಿ ಓಡುವಾಗ ಅದಕ್ಕೂ ಓಟದ ವೇಗಕ್ಕೂ ಹೆಚ್ಚು ಅಂತರ ಉಳಿಯುವುದಿಲ್ಲ. ದಪ್ಪ ಮರ ತಳ್ಳಿದಾಗ ನನ್ನ ಮೋಟಾರಿನ ಸ್ವಿಚ್ ಟಕ್ ಅಂತ ಮತ್ತೆ ಕೂತದ್ದು ಕೇಳಿಸಿತು. ತಕ್ಷಣ ಆರಿಸಿದೆ. ಹಾಗೇ ಬಿಟ್ಟಿದ್ದರೆ ಸ್ಟಾರ್ಟಿಂಗ್ ವೈಂಡಿಂಗ್ ಸುಟ್ಟೇ ಹೋಗುತ್ತಿತ್ತು.

ಆ ಮೋಟಾರಿನ ನೇಮ್‌ಪ್ಲೇಟ್‌ನಲ್ಲಿ 115/230 ಎಂದು ಇತ್ತು. ಟರ್ಮಿನಲ್ ಬಾಕ್ಸ್‌ನಲ್ಲಿ ವೈರು ಬದಲಿಸಿ 230ಕ್ಕೆ ಮಾಡಿದೆ. ಟ್ರಾನ್ಸ್‌ಫಾರ್ಮರ್ ಬೇಡವಾಯಿತು, ಆದರೆ ಬಿಸಿ ಹಾಗೇ ಉಳಿಯಿತು. 230ನ್ನು 50ರಿಂದ ಭಾಗಿಸಿದರೂ ಅದೇ ಶೇಕಡಾ 20ರ ಕಥೆ ಅಲ್ವಾ. ಜೊತೆಗೆ ಮಷೀನಿಗೆ ಅಂಟಿಕೊಂಡಿದ್ದ 115 ವೋಲ್ಟ್ ದೀಪವನ್ನು ಮರೆತಿದ್ದೆ. ಸ್ವಿಚ್ ಹಾಕಿದ ಕೂಡಲೇ ಅದು ಪಟ್ ಎಂದು ಹೋಯಿತು. ವೈರು ಬದಲಿಸುವವರು ದೀಪ, ಸ್ವಿಚ್ಚಿನ ಕಾಯಿಲ್ ಎರಡನ್ನೂ ಮೊದಲು ನೋಡಿಕೊಳ್ಳಿ.

ಕೊನೆಗೆ ಬ್ಯಾಂಡ್‌ಸಾಗೆ 230 ವೋಲ್ಟ್, 50 ಹರ್ಟ್ಸ್‌ನ ಮೋಟಾರನ್ನೇ ಕೂರಿಸಿದೆ. ವೇಗದ ಕೊರತೆಯನ್ನು ಪುಲ್ಲಿಯಿಂದ ತುಂಬಿದೆ: ಮೋಟಾರಿನ ಪುಲ್ಲಿ ಎರಡೂವರೆ ಇಂಚು ಇತ್ತು, 1.2ರಿಂದ ಗುಣಿಸಿ ಮೂರು ಇಂಚಿನದು ಹಾಕಿದೆ. ಬ್ಲೇಡು ಮೊದಲಿನ ವೇಗದಲ್ಲೇ ಓಡಿತು. ಕಷ್ಟಪಟ್ಟದ್ದು ಕಬ್ಬಿಣದ ಕೆಲಸದಲ್ಲಿ. ಹಳೆಯ ಶಾಫ್ಟ್ 5/8 ಇಂಚು, ಹೊಸದು 24 ಮಿಲಿಮೀಟರ್. ಕಾಲಿನ ಬೋಲ್ಟ್ ತೂತುಗಳೂ ಹೊಂದಲಿಲ್ಲ, ನಡುವೆ ಒಂದು ಪ್ಲೇಟ್ ಕೊರೆದು ಕೂರಿಸಬೇಕಾಯಿತು. ಒಂದು ವಾರಾಂತ್ಯ ಪೂರ್ತಿ ಹೋಯಿತು. ಆಮೇಲೆ ಅದರ ಕಡೆ ತಿರುಗಿ ನೋಡಿಲ್ಲ.

ಲೇತಿಗೆ ಬೇರೆ ದಾರಿ ಹಿಡಿದೆ: ತ್ರೀ ಫೇಸ್ ಮೋಟಾರು ಮತ್ತು ವಿಎಫ್‌ಡಿ, ಅಂದರೆ ಹರ್ಟ್ಸ್ ಬದಲಿಸಿ ಮೋಟಾರಿನ ವೇಗ ಏರಿಸಿ ಇಳಿಸುವ ಪೆಟ್ಟಿಗೆ. ಮನೆಯ ಸಿಂಗಲ್ ಫೇಸ್ 230 ವೋಲ್ಟನ್ನೇ ವಿಎಫ್‌ಡಿ ತೆಗೆದುಕೊಂಡು ತ್ರೀ ಫೇಸ್ ಮಾಡಿ ಕೊಡುತ್ತದೆ. ಮೋಟಾರಿನ ಮೇಲೆ 230/400 ಎಂದಿರಬೇಕು, ಅದನ್ನು ಡೆಲ್ಟಾದಲ್ಲಿ (ಮೂರು ವೈಂಡಿಂಗ್‌ಗಳನ್ನು ತ್ರಿಕೋನದಂತೆ ಜೋಡಿಸಿ) ಕಟ್ಟಬೇಕು. ಹಳೆಯ ಸಿಂಗಲ್ ಫೇಸ್ ಮೋಟಾರಿಗೇ ವಿಎಫ್‌ಡಿ ಹಾಕೋಣ ಎಂದು ಕೆಲವರು ಕೇಳುತ್ತಾರೆ. ಕೆಪಾಸಿಟರ್, ಸೆಂಟ್ರಿಫ್ಯೂಗಲ್ ಸ್ವಿಚ್ ಇರುವ ಮೋಟಾರಿಗೆ ಅದು ಆಗುವುದಿಲ್ಲ.

ಇದರಲ್ಲಿ ಪುಲ್ಲಿ ಮುಟ್ಟಲೇ ಇಲ್ಲ. ವಿಎಫ್‌ಡಿಯಲ್ಲಿ ಗರಿಷ್ಠ 60 ಹರ್ಟ್ಸ್ ಹಾಕಿದೆ, ಲೇತಿಗೆ ಅದರ ಹುಟ್ಟು ವೇಗ ಬಂತು. 50ರಿಂದ ಮೇಲೆ ಹೋದಂತೆ ತಿರುಚುವ ಬಲ ಸ್ವಲ್ಪ ಇಳಿಯುತ್ತದೆ, ಮರಕ್ಕೆ ಅದು ತೊಂದರೆಯಾಗಲಿಲ್ಲ. ಓರೆಯಾದ ಮರದ ತುಂಡನ್ನು ಕೂರಿಸಿ, ನಿಧಾನವಾಗಿ ಶುರುಮಾಡಿ, ಅದುರುವಿಕೆ ನಿಂತ ಮೇಲೆ ಗುಂಡಿ ತಿರುಗಿಸಿ ವೇಗ ಏರಿಸುವ ಸುಖವೇ ಬೇರೆ. ಆದರೆ ತೀರಾ ಕೆಳಗಿನ ಹರ್ಟ್ಸ್‌ನಲ್ಲಿ ಬಹಳ ಹೊತ್ತು ಓಡಿಸಿದರೆ ಮೋಟಾರು ಬಿಸಿಯಾಗುತ್ತದೆ, ಆಗ ಬೆಲ್ಟನ್ನೇ ಪುಲ್ಲಿಯ ಬೇರೆ ಮೆಟ್ಟಿಲಿಗೆ ಹಾಕಿಕೊಳ್ಳುತ್ತೇನೆ. ನಿಲ್ಲಿಸುವ ಸಮಯವನ್ನೂ ನಾಲ್ಕು ಸೆಕೆಂಡಿಗೆ ಇಟ್ಟಿದ್ದೇನೆ. ಗಕ್ಕನೆ ನಿಲ್ಲಿಸಿದರೆ ಥ್ರೆಡ್ ಮೇಲೆ ಕೂತ, ಮರ ಹಿಡಿಯುವ ಚಕ್ ತಾನೇ ಬಿಚ್ಚಿಕೊಂಡು ಬರಬಹುದು. ಮೋಟಾರಿಗೂ ವಿಎಫ್‌ಡಿಗೂ ನಡುವೆ ಸ್ವಿಚ್ ಇಟ್ಟಿಲ್ಲ. ಮುಚ್ಚಳ ತೆಗೆಯುವ ಮೊದಲು ಕರೆಂಟು ತೆಗೆದು ಕೆಲವು ನಿಮಿಷ ಕಾಯುತ್ತೇನೆ, ಒಳಗಿನ ಕೆಪಾಸಿಟರ್‌ಗಳಲ್ಲಿ ಚಾರ್ಜ್ ಉಳಿದಿರುತ್ತದೆ.

ಮುಂದೆ ಒಂದು ಡ್ರಿಲ್ ಪ್ರೆಸ್ (ತೂತು ಕೊರೆಯುವ ಮಷೀನು) ಬಂದರೆ ಕಣ್ಣು ಮುಚ್ಚಿ ವಿಎಫ್‌ಡಿಯನ್ನೇ ಹಾಕುತ್ತೇನೆ, ಅಲ್ಲಿ ವೇಗ ಬದಲಿಸುವುದೇ ಅರ್ಧ ಕೆಲಸ. ಒಂದೇ ವೇಗದಲ್ಲಿ ದುಡಿಯುವ ಗರಗಸಕ್ಕೆ ಮಾತ್ರ ಈಗಲೂ ಹೊಸ ಮೋಟಾರು, ದೊಡ್ಡ ಪುಲ್ಲಿ.